ಒಂದು ಮೊರ ತೌಡಿನ ಹೆಸರು

ಬಚ್ಚಲಲ್ಲಿ ನೀರು ಸುರಿಯುವ ಸದ್ದು ತಟ್ಟನೆ ನಿಂತಿತು. ಶ್ಯಾಮಲಮ್ಮನ ಕೈ ಆಗ ಟ್ರಂಕಿನೊಳಗೆ ಮೊಣಕೈವರೆಗೂ ಇಳಿದಿತ್ತು.

ಉಸಿರು ಬಿಗಿಹಿಡಿದು ಎಣಿಸಿದಳು. ಒಂದು. ಎರಡು. ಮೂರಕ್ಕೆ ಚೊಂಬು ಮತ್ತೆ ಹಂಡೆಗೆ ತಗಲಿತು, ನೀರು ಬಿತ್ತು. ಸೀಗೆಪುಡಿ ಇನ್ನೂ ತೊಳೆದುಕೊಂಡಿಲ್ಲ. ಆ ತಲೆಗೆ ಇನ್ನೂ ಹತ್ತು ಚೊಂಬಾದರೂ ಬೇಕು.

ಎರಡು ಸೀರೆ, ಒಂದು ಹಳೆಯ ಕುಪ್ಪಸ, ಕಾಗದದಲ್ಲಿ ಸುತ್ತಿಟ್ಟ ಕುಂಕುಮ. ಒಂದು ಮರದ ಬಾಚಣಿಗೆ. ಅದರ ಹಲ್ಲಿಗೆ ಉದ್ದ ಕೂದಲು ಸಿಕ್ಕಿಕೊಂಡಿತ್ತು. ನಿನ್ನೆ ಸಂಜೆ ಅಮ್ಮ ತನ್ನ ಕೈಯಾರೆ ಆ ಕೂದಲನ್ನು ಬಾಚಿ ಜಡೆ ಹಾಕಿದ್ದಳು. ಕಣ್ಣಿಗೆ ಪೊರೆ ಬಂದ ಮೇಲೆ ತನ್ನ ತಲೆಯನ್ನೇ ಬಾಚಿಕೊಳ್ಳದ ಅಮ್ಮ!

ಟ್ರಂಕಿನ ತಳಕ್ಕೆ ಹಳೆಯ ಪತ್ರಿಕೆ ಹಾಸಿತ್ತು. ಉಗುರಿನಿಂದ ಅದರ ಅಂಚನ್ನು ಎಬ್ಬಿಸಿದಳು. ಕೆಳಗೆ ನಾಲ್ಕು ಮಡಿಕೆಯ ಒಂದು ಕಾಗದ. ಬಿಡಿಸಿ ನೋಡಿದರೆ ತೆಲುಗು ಲಿಪಿ. ಮಾತು ಬರುತ್ತಿತ್ತೇ ಹೊರತು ಓದು ಸರಾಗವಾಗಿ ಬರುತ್ತಿರಲಿಲ್ಲ. ಕನ್ನಡದ ಅಕ್ಷರಗಳನ್ನೇ ಹೋಲುವ ಅಕ್ಷರಗಳು ಅರ್ಧ ಅರ್ಧ ಓದಿಸಿಕೊಂಡು ಕೈಕೊಡುತ್ತಿದ್ದವು. ಆದರೆ ನಡುವೆ ಒಂದು ಕಡೆ ತನ್ನ ಹೆಸರು ಮಾತ್ರ ಸ್ಪಷ್ಟವಾಗಿ ಕಂಡಿತು.

ಕಾಗದ ಸೊಂಟಕ್ಕೆ ಸೇರಿತು. ಟ್ರಂಕು ಮುಚ್ಚಿತು. ಅವಳು ಎದ್ದು ನಿಲ್ಲುವುದಕ್ಕೂ ಬಾಗಿಲಿಗೆ ಒದ್ದೆ ತಲೆ ಬರುವುದಕ್ಕೂ ಸರಿಹೋಯಿತು.

"ಏನ್ ಚೆಲ್ಲೀ, ಇಲ್ಲೇನ್ ಹುಡುಕ್ತಿದ್ದೀಯ?"

ಚೆಲ್ಲಿ! ತಂಗಿ ಎಂದು ಕರೆಯಲು ಇವಳಿಗೆ ಹಕ್ಕು ಕೊಟ್ಟವರು ಯಾರು?

"ಸೊಪ್ಪಿನ ಗೋಣಿ."

"ನನ್ನ ಟ್ರಂಕ್ ಹತ್ರಾನಾ?"

"ಮೂರು ವಾರದ ಹಿಂದೆ ಇದು ನನ್ನ ಕೋಣೆ ಆಗಿತ್ತಲ್ಲ. ನನ್ನ ಸಾಮಾನು ಎಲ್ಲೆಲ್ಲೋ ಬಿದ್ದಿರುತ್ತೆ."

ಆ ಹೆಂಗಸು ನಕ್ಕಳು. ಎಂಥ ಮಾತಿಗೂ ನಗುವ ಹೆಂಗಸು ಅವಳು. ನಡುಮನೆಯಿಂದ ಅಮ್ಮನ ಧ್ವನಿ ಬಂತು: "ತಿಪ್ಪೀ, ತಲೆ ಒರೆಸ್ಕೊಳ್ಳೇ ತಾಯೀ. ನೆಗಡಿ ಆಗುತ್ತೆ."

"ಬಂದೆ ಅಮ್ಮಾ!"

ದಿನಕ್ಕೆ ನೂರು ಸಲ 'ಅಮ್ಮಾ' ಎನ್ನುತ್ತಿದ್ದಳು. ಬೆಲ್ಲದ ಪಾಕ ಎಳೆದಂತೆ ಎಳೆದು ಎಳೆದು ಎನ್ನುತ್ತಿದ್ದಳು. ಪ್ರತಿ ಸಲವೂ ಅಮ್ಮ ಆ ಕಡೆಗೆ ಮುಖ ತಿರುಗಿಸುತ್ತಿದ್ದ ರೀತಿ ಇತ್ತಲ್ಲ, ಬಿಸಿಲಿಗೆ ಮೈಯೊಡ್ಡಿದ ಹಾಗೆ, ಅದನ್ನು ಶ್ಯಾಮಲಮ್ಮನಿಂದ ನೋಡಲಾಗುತ್ತಿರಲಿಲ್ಲ. ಹಿತ್ತಲ ಬಾಗಿಲಿನಿಂದ ಹೊರಬಿದ್ದು, ರೇಷ್ಮೆ ಹುಳು ಸಾಕುವ ಹುಳುಮನೆಯ ಕಡೆ ನಡೆದಳು.

ಹುಳುಮನೆಯಲ್ಲಿ ಕದಿರೇಶ ಕಾಯುತ್ತಿದ್ದ.

ಹೋಳೂರಿನವರ ಪಾಲಿಗೆ ಅವನು ರೇಷ್ಮೆಗೂಡು ಕೊಳ್ಳಲು ಬಂದ ವ್ಯಾಪಾರಿ. ಎರಡನೇ ಮಹಾಯುದ್ಧದಿಂದಾಗಿ ರೇಷ್ಮೆಗೆ ಬೇಡಿಕೆ ಏರಿದ್ದ ಆ ದಿನಗಳಲ್ಲಿ ಅಂಥವರು ದಿನಕ್ಕೊಬ್ಬರು ಬರುತ್ತಿದ್ದರು. ನಿಜದಲ್ಲಿ ಅವನು ಕೋಲಾರದ ವಕೀಲರಿಗೆ ಸಾಕ್ಷಿ ಹುಡುಕಿಕೊಡುವವನು; ಶ್ಯಾಮಲಮ್ಮನೇ ಗುಟ್ಟಾಗಿ ಅವನನ್ನು ಕರೆಸಿದ್ದಳು. ಹಿಂದೆ ಠಾಣೆಯೊಂದರಲ್ಲಿ ರೈಟರ್ ಆಗಿದ್ದ. ಸಾಹೇಬರ ವರದಿಯಲ್ಲಿ ತಪ್ಪು ತೋರಿಸಿ ಆ ಕೆಲಸ ಕಳೆದುಕೊಂಡಿದ್ದ. ಮೂವತ್ತರ ಆಸುಪಾಸು, ಬಡಕಲು ಮೈ. ಎದುರಿನವರು ಮಾತು ಮುಗಿಸಿದ ಮೇಲೂ ಇನ್ನೇನೋ ಉಳಿದಿದೆ ಎಂಬಂತೆ ಅವರ ಬಾಯಿಯನ್ನೇ ನೋಡುವ ಅಭ್ಯಾಸ.

"ಸಿಕ್ತಾ, ಶ್ಯಾಮಲಮ್ನೋರೇ?"

ಅವಳು ಕಾಗದ ಕೊಟ್ಟಳು. ಕೈ ಖಾಲಿ ಬಿಡಲಾಗದೆ ತಟ್ಟೆಗಳ ಮೇಲೆ ಸೊಪ್ಪು ಉದುರಿಸತೊಡಗಿದಳು.

ಇದ್ದದ್ದು ಎರಡೇ ದಿನ. ಇಪ್ಪತ್ತನಾಲ್ಕು ವರ್ಷದ ಹಿಂದೆ, ಪ್ಲೇಗು ಬಂದು ಊರೆಲ್ಲ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿದ್ದಾಗ ಕಾಣೆಯಾದ ಏಳು ವರ್ಷದ ತಿಪ್ಪಮ್ಮ ತಾನೇ ಎಂದು ಈ ಹೆಂಗಸು ಬಸ್ಸಿಳಿದು ಬಂದಿದ್ದಳು. ಶುಕ್ರವಾರ ಅಮ್ಮ ಕೋಲಾರಕ್ಕೆ ಹೋಗಿ, ಅಪ್ಪ ಸತ್ತ ಮೇಲೆ ತನ್ನದಾದ ಮನೆ, ಹಿಪ್ಪುನೇರಳೆ ತೋಟ ಎರಡನ್ನೂ ಅವಳ ಹೆಸರಿಗೆ ರಿಜಿಸ್ಟರ್ ಮಾಡಿಸುವವಳಿದ್ದಳು. ಗಂಡ ಸತ್ತು ಆರು ವರ್ಷದಿಂದ ಈ ಮನೆಯಲ್ಲೇ ದುಡಿದು, ಈ ಹುಳುಗಳಿಗೆ ಹಗಲೂ ರಾತ್ರಿ ಸೊಪ್ಪು ಹಾಕಿದ ಶ್ಯಾಮಲಮ್ಮನಿಗೆ ಅಲ್ಲಿಂದಾಚೆಗೆ ಇದ್ದದ್ದು ಬೀದಿ.

ಕದಿರೇಶ ತೆಲುಗಿನಲ್ಲಿದ್ದುದನ್ನು ಕನ್ನಡ ಮಾಡಿಕೊಂಡು ಓದಿದ.

"ಎಡ ಮೊಣಕಾಲ ಕೆಳಗೆ ಬರೆ, ಮೂರನೇ ವರ್ಷದಲ್ಲಿ ಹಾಕಿದ್ದು. ಬಾವಿ ಪಕ್ಕದ ಹುಣಸೆ ಮರಕ್ಕೆ ಕರಿಯಜ್ಜ ಅಂತ ಹೆಸರು. ಎಮ್ಮೆ ಹೆಸರು ರಾಮಕ್ಕ. ಅಪ್ಪ ಕೋದಂಡರಾಮಪ್ಪನಿಗೆ ಎಡಗೈಯಲ್ಲಿ ಆರು ಬೆರಳು. ಹಾಗಲಕಾಯಿ ಕಂಡ್ರೆ ಅಳೋಳು."

"ಬಂದ ದಿನ ಇದೇ ಸಾಲಾಗಿ ಒಪ್ಪಿಸಿದ್ಳು! ಹಾಗಲಕಾಯಿ ಅಂದಾಗ ಅಮ್ಮ ಗೊಳೋ ಅಂತ ಅತ್ತುಬಿಟ್ಳು." ಶ್ಯಾಮಲಮ್ಮನ ಮುಖ ಅರಳಿತು. "ಯಾರೋ ಹೇಳ್ಕೊಟ್ಟಿದ್ದಾರೆ. ಸಿಕ್ಕಿಬಿದ್ಳು ಬಿಡಿ, ಇನ್ನೇನು?"

"ಯಾರೋ ಅಂದ್ರೆ ಯಾರು?"

ಅವಳು ಇನ್ನೊಂದು ಹಿಡಿ ಸೊಪ್ಪು ಎತ್ತಿಕೊಂಡಳು.

"ನನ್ನ ಹೆಸರೂ ಇದೆ ಅದರಲ್ಲಿ," ಎಂದಳು.

"ಅದು ಬಿಡಿ."

"ಓದಿ."

ಕದಿರೇಶ ಆ ಸಾಲಿಗೆ ಬೆರಳಿಟ್ಟ. "ಚೆಲ್ಲೆಲು ಶ್ಯಾಮಲ. ಓರ್ವಲೇನಿದಿ. ಅವಳ ಜೊತೆ ಜಾಸ್ತಿ ಮಾತು ಬೇಡ."

ಓರ್ವಲೇನಿದಿ. ಇನ್ನೊಬ್ಬರ ಸುಖ ಸಹಿಸಲಾರದವಳು. ಹೊಟ್ಟೆಕಿಚ್ಚಿನವಳು. ಎಮ್ಮೆಗೂ ಮರಕ್ಕೂ ಅದಕ್ಕಿಂತ ಒಳ್ಳೆಯ ಮಾತು ಬಿದ್ದಿತ್ತು. ಶ್ಯಾಮಲಮ್ಮ ಸೊಪ್ಪನ್ನು ಸಣ್ಣಗೆ ಹರಿಯುತ್ತಿದ್ದಳು. ಬೆಳೆದ ಹುಳುಗಳಿಗೆ ಅಷ್ಟು ಸಣ್ಣಗೆ ಹರಿಯುವ ಅಗತ್ಯವೇ ಇರಲಿಲ್ಲ.

"ಇದಲ್ಲ ನಂಗೆ ಮುಖ್ಯ," ಎಂದ ಕದಿರೇಶ. "ಮೊದಲನೇ ಸಾಲು ನೋಡಿ. 'ಹೆಸರು: ತಿಪ್ಪಮ್ಮ. ಯಾಕೆ ಇಟ್ಟರು:' ಅಂತ ಬರೆದು ಮುಂದೆ ಜಾಗ ಬಿಟ್ಟಿದ್ದಾರೆ. ಎರಡು ಸಾಲಿನಷ್ಟು. ಬರೆಯೋನು ಕೇಳಿದ್ದಾನೆ, ಕಾದಿದ್ದಾನೆ, ಉತ್ತರ ಬಂದಿಲ್ಲ. ಆಮೇಲೆ ಮುಂದಕ್ಕೆ ಹೋಗಿದ್ದಾನೆ. ಯಾಕೆ ಇಟ್ರು ಆ ಹೆಸರು?"

"ಅದ್ಯಾರಿಗೆ ಗೊತ್ತಿಲ್ಲ? ತಿಪ್ಪೆ ಮೇಲೆ ಮಲಗ್ಸಿ ಎತ್ಕೊಂಡಿದ್ದಕ್ಕೆ ತಿಪ್ಪಮ್ಮ. ಮಕ್ಕಳು ಉಳೀದೇ ಇದ್ರೆ ಹಾಗೆ ಮಾಡ್ತಾರಲ್ಲ. ಬೀದಿ ಮಕ್ಕಳೆಲ್ಲ ಮೂಗು ಮುಚ್ಕೊಂಡು ಅವಳನ್ನ ಕರೀತಿದ್ರಂತೆ. ನಾಲ್ಕು ವರ್ಷದೋಳು ನಾನೂ ಹಾಗೇ ಕರೀತಿದ್ದೆನಂತೆ." ಅವಳ ತುಟಿಯಲ್ಲಿ ಸಣ್ಣ ನಗು ಸುಳಿಯಿತು. ಆ ಕೆಟ್ಟ ಹೆಸರು ಅಕ್ಕನಿಗೆ, ಈ ಒಳ್ಳೆಯ ಹೆಸರು ತನಗೆ. ಬದುಕಿನಲ್ಲಿ ಅದೊಂದೇ ವಿಷಯದಲ್ಲಿ ಅವಳಿಗೆ ಮೇಲುಗೈ ಸಿಕ್ಕಿತ್ತು.

"ವಿಚಿತ್ರ," ಎಂದ ಕದಿರೇಶ. "ಮನೆಯವರಿಗೆ ಮಾತ್ರ ಗೊತ್ತಿರೋದೆಲ್ಲ ಇದರಲ್ಲಿದೆ. ಊರಿಗೆಲ್ಲ ಗೊತ್ತಿರೋದು ಇಲ್ಲ. ತಿಪ್ಪೆಯಿಂದ ಎತ್ಕೊಂಡೋರು ಯಾರು?"

"ಹಜೀರಾ ಬೀ. ಆಗ ನಮ್ಮ ಪಕ್ಕದ ಮನೇಲಿದ್ರು. ಈಗ ಶ್ರೀನಿವಾಸಪುರ."

ಕದಿರೇಶ ಕಾಗದ ಮಡಿಸಿ ಜೇಬಿಗಿಟ್ಟ. "ಹತ್ತು ಗಂಟೆ ಬಸ್ಸು ಸಿಗುತ್ತೆ. ನಡೀರಿ."

ಯುದ್ಧದಿಂದ ಪೆಟ್ರೋಲು ಸಿಗದೆ ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದ ಬಸ್ಸು ಏರು ಬಂದಲ್ಲೆಲ್ಲ ಕೆಮ್ಮಿ ನಿಂತು ಹೊರಟು, ಅವರನ್ನು ಶ್ರೀನಿವಾಸಪುರಕ್ಕೆ ಮುಟ್ಟಿಸಿದಾಗ ಬಿಸಿಲು ನೆತ್ತಿಗೇರಿತ್ತು.

ಹಜೀರಾ ಬೀ ಬಾಗಿಲ ನೆರಳಲ್ಲಿ ಕುಳಿತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಗಂಡ ಬುಡನ್ ಸಾಬ್ ಪಾತ್ರೆಗೆ ಕಲಾಯಿ ಹಾಕುತ್ತಿದ್ದವನು, ತೀರಿಹೋಗಿ ಹತ್ತು ವರ್ಷವಾಗಿತ್ತು. ಶ್ಯಾಮಲಮ್ಮನನ್ನು ಕಂಡವಳೇ ಅಂಟು ಕೈಯಲ್ಲೇ ಅವಳ ಗಲ್ಲ ಹಿಡಿದಳು.

"ಅರೆ, ಗಂಗಮ್ಮನ ಮಗಳು! ಎಷ್ಟು ಬಡವಾಗಿದ್ದೀಯ ಬೇಟೀ. ಅಕ್ಕ ಬಂದ್ಳಂತೆ, ಊಟ ಸೇರ್ತಿಲ್ವಾ?"

"ಅಕ್ಕ ಬಂದಿರೋ ಸುದ್ದಿ ನಿಮಗೂ ಮುಟ್ತಾ?" ಎಂದು ಕೇಳಿದವನು ಕದಿರೇಶ.

"ಯಾರಪ್ಪಾ ಇವನು?"

"ಗೂಡಿನ ವ್ಯಾಪಾರಿ," ಎಂದಳು ಶ್ಯಾಮಲಮ್ಮ.

"ಗೂಡಿನ ವ್ಯಾಪಾರಿಗೆ ನನ್ನ ಮನೇಲೇನು? ಇಲ್ಲಿ ಹುಳ ಅಂದ್ರೆ ಅಕ್ಕಿಯೊಳಗಿನದು ಮಾತ್ರ."

ಕದಿರೇಶ ನಕ್ಕು ಅಲ್ಲೇ ನೆಲದ ಮೇಲೆ ಕುಳಿತ. ಅವನೂ ಒಂದು ಹುಣಸೆಹಣ್ಣು ಎತ್ತಿಕೊಂಡು ಬೀಜ ಬಿಡಿಸತೊಡಗಿದ. ಅದು ಕೆಲಸ ಮಾಡಿತು. ಕೈಗೆ ಜೊತೆ ಸಿಕ್ಕಿದ ಮೇಲೆ ಮುದುಕಿಯ ಬಾಯಿ ತಾನಾಗಿ ಸಡಿಲಿತು.

"ಮೂರು ಹೋಗಿದ್ವು ಬೇಟಾ ಆ ಗಂಗಮ್ಮನಿಗೆ. ಒಂದಕ್ಕೂ ವರ್ಷ ತುಂಬಲಿಲ್ಲ. ಎಲ್ಲದಕ್ಕೂ ದೊಡ್ಡ ದೊಡ್ಡ ದೇವರ ಹೆಸರು. ನಾಲ್ಕನೇದು ಹುಟ್ಟಿದಾಗ ಅವಳತ್ತೆ ಹೇಳಿದ್ಳು, ಒಳ್ಳೇ ಹೆಸರು ಇಟ್ರೆ ಸಾವಿಗೂ ಆಸೆ ಆಗುತ್ತೆ, ಇದು ಯಾರಿಗೂ ಬೇಡದ್ದು ಅಂತ ಮಾಡ್ಬಿಡಿ ಅಂತ. ಮೊರದಲ್ಲಿ ಮಲಗ್ಸಿ ತಿಪ್ಪೆ ಮೇಲಿಟ್ರು. ಬೇರೆ ಮನೆಯೋಳು ಎತ್ಕೋಬೇಕು. ಬೇರೆ ಜಾತಿಯೋಳಾದ್ರೆ ಇನ್ನೂ ವಾಸಿ, ಸಾವಿಗೆ ಗುರುತು ತಪ್ಪುತ್ತೆ. ನನ್ನ ಕರೆದ್ರು. ನಾನೂ ಆಗ ಚಿಕ್ಕೋಳು, ನಗು ತಡೆಯೋಕಾಗ್ತಿಲ್ಲ. ಎತ್ಕೊಂಡೋಗಿ ಬಾಗಿಲಲ್ಲಿ ನಿಂತು, 'ತಿಪ್ಪೇಲಿ ಒಂದು ಕೂಸು ಸಿಕ್ತು, ಬೇಕೇನಮ್ಮಾ?' ಅಂದೆ. ಗಂಗಮ್ಮ ಒಂದು ಮೊರ ತೌಡು ಕೊಟ್ಟು ಕೊಂಡ್ಕೊಂಡ್ಳು. ನಾವೆಲ್ಲ ನಗ್ತಾ ಇದ್ವಿ. ಅವಳ ಕೈ ಹೆಂಗೆ ನಡುಗ್ತಿತ್ತು ಅಂದ್ರೆ, ಅರ್ಧ ತೌಡು ಹೊಸಲಲ್ಲೇ ಚೆಲ್ಲೋಯ್ತು."

"ಆಮೇಲೆ?"

"ಆಮೇಲೇನು, ಕಟ್ಟುಪಾಡು. ಕೊಂಡ ಮಗು ಅಲ್ವಾ? ಅದು ಗಂಗಮ್ಮನ್ನ ಅಮ್ಮ ಅನ್ನಂಗಿಲ್ಲ. ಅಕ್ಕ ಅನ್ನಬೇಕು. ಅಮ್ಮ ಅಂತಿದ್ದದ್ದು ನನ್ನ." ಹಜೀರಾ ಬೀ ಸೆರಗಿನಿಂದ ಮೂಗೊರೆಸಿಕೊಂಡಳು. "ಗಂಗಮ್ಮ ತನ್ನ ಬಾಯಲ್ಲಿ ಆ ಹೆಸರಿನ ಕಥೆ ಆಡಂಗಿಲ್ಲ. ಹೆತ್ತೋಳು ನಾನು, ತಿಪ್ಪೆ ಮೇಲಿಟ್ಟೋಳು ನಾನು ಅಂದ್ಬಿಟ್ರೆ ಮಾಡಿದ್ದೆಲ್ಲ ಬಯಲು. ಊರೋರು ಏನ್ ಬೇಕಾದ್ರೂ ಆಡ್ಕೊಳ್ಳಲಿ, ನಗಲಿ. ಅವಳು ಮಾತ್ರ ಆಡಬಾರ್ದು."

ಶ್ಯಾಮಲಮ್ಮನ ಕಿವಿಯಲ್ಲಿ ಏನೋ ಎಚ್ಚರಗೊಂಡಿತು. ಹೊಲದ ಗುಡಿಸಲು, ಜೋಳದ ಕಡ್ಡಿಯ ಗೋಡೆ, ಆಚೆಯಿಂದ ಒಂದು ಹುಡುಗಿಯ ದನಿ: 'ಅಕ್ಕಾ, ಹಸಿವು.' ಇಷ್ಟು ವರ್ಷ ಅದು ಪಕ್ಕದ ಗುಡಿಸಲಿನ ಯಾವುದೋ ಮಗು ಎಂದುಕೊಂಡಿದ್ದಳು.

"ನನಗೆ ಯಾಕೆ ಹಾಗೆ ಮಾಡ್ಲಿಲ್ಲ?" ಎಂದು ಕೇಳಿದಳು. ಕೇಳಬೇಕೆಂದಿರಲಿಲ್ಲ. ಬಾಯಿಂದ ಬಂದುಹೋಗಿತ್ತು.

"ನಿನಗ್ಯಾಕೆ ಬೇಟೀ? ನೀನು ಹುಟ್ಟೋ ಹೊತ್ತಿಗೆ ಅದು ಮೂರು ವರ್ಷ ಬದುಕಿತ್ತು, ಭಯ ಹೋಗಿತ್ತು. ನೀನೋ, ಹುಟ್ಟಿದಾಗ್ಲೇ ಗುಂಡುಕಲ್ಲು. ನಿಮ್ಮಪ್ಪ ಕೋಲಾರದಲ್ಲಿ ಯಾವುದೋ ನಾಟಕದ ಹ್ಯಾಂಡ್‌ಬಿಲ್ ನೋಡ್ಕೊಂಡು ಬಂದು, ಶ್ಯಾಮಲಾ ಅಂತ ಇಡೋಣ, ಚೆನ್ನಾಗಿದೆ ಅಂದ. ಇಟ್ರು."

ಹ್ಯಾಂಡ್‌ಬಿಲ್. ಬೀದಿಯಲ್ಲಿ ಬಿಟ್ಟಿ ಹಂಚುವ ಕಾಗದ.

ಇಪ್ಪತ್ತೆಂಟು ವರ್ಷ ಅವಳು ಹೊತ್ತು ಮೆರೆದ ಹೆಸರು ಅದು. ಯಾರೂ ಅದಕ್ಕಾಗಿ ನಡುಗಿರಲಿಲ್ಲ, ಏನನ್ನೂ ಬಿಟ್ಟುಕೊಟ್ಟಿರಲಿಲ್ಲ. ಮೂಗು ಮುಚ್ಚಿಕೊಂಡು ಕರೆದಿದ್ದಳಲ್ಲ ಇನ್ನೊಂದನ್ನು, ಅದರ ಹಿಂದೆ ಒಬ್ಬ ತಾಯಿ ತನ್ನನ್ನು ಅಮ್ಮ ಎಂದು ಕರೆಸಿಕೊಳ್ಳುವ ಭಾಗ್ಯವನ್ನೇ ಎತ್ತಿ ಕೊಟ್ಟಿದ್ದಳು. ಸಗಣಿಯ ವಾಸನೆಯ ಆ ಹೆಸರಿನ ಮೇಲೆ ಶ್ಯಾಮಲಮ್ಮನಿಗೆ ಎಂಥ ಹೊಟ್ಟೆಕಿಚ್ಚು ಹತ್ತಿತೆಂದರೆ, ಅಲ್ಲಿ ಕುಳಿತಿರಲಾರದೆ ಎದ್ದು ನಿಂತಳು.

ಕದಿರೇಶ ಬೀಜ ಬಿಡಿಸುತ್ತಲೇ ಇದ್ದ. "ನಿಮ್ಮ ಮಗ ಕಾಣ್ತಿಲ್ಲ."

"ಸುಭಾನಾ? ಬಳೆ ಮಲಾರ ಹೊತ್ಕೊಂಡು ಪುಂಗನೂರ್ ಕಡೆ ಹೋಗಿದ್ದಾನೆ."

"ತೆಲುಗು ಬರೆಯೋಕೆ ಬರುತ್ತಾ ಅವನಿಗೆ?"

"ಆ ಕಡೆ ವ್ಯಾಪಾರ ಮಾಡೋನಿಗೆ ಬರ್ದೇ ಇರುತ್ತಾ? ಮುತ್ತಿನಂಗೆ..."

ಮಾತು ಅಲ್ಲಿಗೇ ನಿಂತಿತು. ಮುದುಕಿ ಮೊರವನ್ನು ತನ್ನ ಕಡೆಗೆ ಎಳೆದುಕೊಂಡಳು. ಹೋಗಿಬರುತ್ತೇವೆ ಎಂದದ್ದಕ್ಕೂ ತಲೆಯೆತ್ತಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಶ್ಯಾಮಲಮ್ಮ ಮುಂದಿನ ಸೀಟಿನ ಕಂಬಿಯನ್ನು ಬಿಗಿಯಾಗಿ ಹಿಡಿದು ಕುಳಿತಿದ್ದಳು.

"ಸುಭಾನ್ ಬರ್ದುಕೊಟ್ಟಿದ್ದಾನೆ. ತಾಯಿ ಮಗ ಸೇರ್ಕೊಂಡು ಅಮ್ಮನ ಕುರುಡುಗಣ್ಣಿಗೆ ಮಣ್ಣೆರಚಿದ್ದಾರೆ. ಆದ್ರೆ ಈ ಅಕ್ಕ ಅನ್ನೋ ವಿಷ್ಯ ಮರ್ತುಬಿಟ್ರು ನೋಡಿ! ನಿಜವಾದ ತಿಪ್ಪಮ್ಮ ಆಗಿದ್ರೆ ಅಮ್ಮನ್ನ ಅಮ್ಮ ಅಂತಿದ್ಳಾ? ಇವಳು ದಿನಕ್ಕೆ ನೂರು ಸಲ ಅಂತಾಳೆ."

"ಹಜೀರಾ ಬೀ ಮರೆಯೋ ವಿಷಯಾನಾ ಅದು?" ಎಂದ ಕದಿರೇಶ ಕಿಟಕಿಯಾಚೆ ನೋಡುತ್ತ. "ಅಮ್ಮ ಅಂತ ಕರೆಸ್ಕೊಂಡೋಳು ಅವಳೇ. ಹೋಗಲಿ, ಇವಳು ನೂರು ಸಲ ಅಂತಾಳೆ, ಸರಿ. ಕೇಳಿಸ್ಕೊಳ್ಳೋರು ಯಾರು?"

"ಅಮ್ಮ."

"ಕಣ್ಣಿಗೆ ಪೊರೆ ಬಂದಿರಬಹುದು ಶ್ಯಾಮಲಮ್ನೋರೇ. ಕಿವಿಗೆ ಬಂದಿಲ್ಲ."

ಅವಳಿಗೆ ಅರ್ಥವಾಯಿತು. ಅರ್ಥವಾಗಲಿಲ್ಲ ಎಂಬಂತೆ ಮುಖ ತಿರುಗಿಸಿಕೊಂಡಳು.

ನಡುಮನೆಯಲ್ಲಿ ಶ್ಯಾಮಲಮ್ಮನ ಅಮ್ಮ ಚಿಕ್ಕಗಂಗಮ್ಮ ಕಂಬಕ್ಕೊರಗಿ ಕುಳಿತಿದ್ದಳು. ಪಕ್ಕದಲ್ಲಿ ಆ ಹೆಂಗಸು ಅವರೆಕಾಯಿ ಸುಲಿಯುತ್ತಿದ್ದಳು. ಅಮ್ಮನ ಒಂದು ಕೈ ಅವಳ ಮಂಡಿಯ ಮೇಲಿತ್ತು, ಎಲ್ಲಿ ಎದ್ದುಹೋಗುತ್ತಾಳೋ ಎಂದು ಹಿಡಿದುಕೊಂಡ ಹಾಗೆ. ಶ್ಯಾಮಲಮ್ಮ ಮೊದಲು ನೋಡಿದ್ದು ಆ ಕೈಯನ್ನು.

ಕದಿರೇಶ ಸುತ್ತು ಬಳಸಲಿಲ್ಲ. ತಾನು ಯಾರೆಂದು ಹೇಳಿದ. ಕಾಗದ ಬಿಡಿಸಿ ನೆಲದ ಮೇಲಿಟ್ಟ.

ಆ ಹೆಂಗಸಿನ ನಗು ಮೊದಲ ಸಲ ಆರಿತು. "ನನ್ನ ಟ್ರಂಕ್‌ಗೆ ಕೈ ಹಾಕಿದ್ಯಾ, ಚೆಲ್ಲೀ?"

"ಚೆಲ್ಲಿ ಗಿಲ್ಲಿ ಅಂದ್ರೆ ನಾಲಿಗೆ ಕಿತ್ತಾ..."

"ಒಂದೇ ಪ್ರಶ್ನೆ," ಎಂದು ಕದಿರೇಶ ನಡುವೆ ಬಂದ. "ನಿಮಗೆ ತಿಪ್ಪಮ್ಮ ಅಂತ ಯಾಕೆ ಹೆಸರಿಟ್ರು?"

ಅವಳು ಬಾಯಿ ತೆರೆದಳು. ಮುಚ್ಚಿದಳು. ಆಮೇಲೆ ತಿರುಗಿ ಚಿಕ್ಕಗಂಗಮ್ಮನನ್ನು ನೋಡಿದಳು. ಸಿಕ್ಕಿಬಿದ್ದ ಕಳ್ಳಿಯ ನೋಟವಲ್ಲ ಅದು. ಇದನ್ನು ನೀವು ನನಗೆ ಹೇಳಿಕೊಡಲಿಲ್ಲವಲ್ಲ ಎನ್ನುವ ನೋಟ.

ಶ್ಯಾಮಲಮ್ಮ ಅದನ್ನು ಕಂಡಳು. ಕಾಣದೆ ಇದ್ದಿದ್ದರೆ ಎನಿಸಿತು.

"ಹೋಗಲಿ ದೊಡ್ಡಮ್ಮಾ, ನೀವೇ ಹೇಳಿ," ಎಂದ ಕದಿರೇಶ ಮೆಲ್ಲಗೆ. "ಮಗಳ ಹೆಸರು. ಯಾಕೆ ಇಟ್ರಿ?"

ಚಿಕ್ಕಗಂಗಮ್ಮನ ತುಟಿ ಬಿಗಿದುಕೊಂಡಿತು.

"ನಿಮ್ಮ ಬಾಯಲ್ಲಿ ಬರಲ್ಲ. ಇವತ್ತೂ ಬರಲ್ಲ. ಸುಭಾನ್ ಈ ಕಾಗದ ಬರೀತಾ ಅದೇ ಪ್ರಶ್ನೆ ಕೇಳಿದಾಗ್ಲೂ ಬರಲಿಲ್ಲ. ಊರಲ್ಲಿ ಯಾರನ್ನ ಕೇಳಿದ್ರೂ ನಗ್ತಾ ಹೇಳ್ತಾರೆ. ಹೇಳಬಾರದವರು ಒಬ್ರೇ. ಅದಕ್ಕೇ ಈ ಜಾಗ ಖಾಲಿ ಬಿದ್ದಿದೆ."

ಸುಲಿದ ಅವರೆಕಾಳು ಮೊರದಿಂದ ಉರುಳಿ ನೆಲದ ಮೇಲೆ ಹರಡಿತು. ಯಾರೂ ಹೆಕ್ಕಲಿಲ್ಲ.

"ಅಮ್ಮಾ, ಸುಳ್ಳು ಅನ್ನು," ಎಂದಳು ಶ್ಯಾಮಲಮ್ಮ. "ನೀನು ಮೋಸ ಹೋದೆ ಅನ್ನು."

"ಯಾರೂ ನಂಗೆ ಮೋಸ ಮಾಡ್ಲಿಲ್ಲ." ಚಿಕ್ಕಗಂಗಮ್ಮನ ದನಿಯಲ್ಲಿ ಅಳುಕಿರಲಿಲ್ಲ. "ಬೀದಿಗೆ ಬಳೆ ಮಾರೋಕೆ ಬಂದಾಗ ನಾನೇ ಸುಭಾನನ್ನ ಕೇಳ್ದೆ. ಮೂವತ್ತರ ಹತ್ರದೋಳು, ಹಿಂದೆ ಮುಂದೆ ಯಾರೂ ಇಲ್ದೋಳು, ಮೊಣಕಾಲಲ್ಲಿ ಬರೆ ಇರೋಳು ಬೇಕು ಅಂತ. ಹುಡುಕ್ಕೊಟ್ಟ."

"ನನ್ನ ಹೆಸರು ಆಂಜಿನಮ್ಮ," ಎಂದಳು ಆ ಹೆಂಗಸು, ಯಾರೂ ಕೇಳದಿದ್ದರೂ. "ಪುಂಗನೂರ್ ಪಕ್ಕ. ಹೊತ್ತು ಹೊತ್ತಿಗೆ ಊಟ, ಇರೋಕೆ ಒಂದು ಮನೆ. ಅಮ್ಮಾ ಅಂತ ಕರೀಬೇಕು, ಅಷ್ಟೇ ಕೆಲಸ ಅಂದ್ರು."

"ಅಷ್ಟೇ ಕೆಲಸ!" ಶ್ಯಾಮಲಮ್ಮ ನಕ್ಕಳು. ಆ ನಗು ಅವಳಿಗೇ ಅಪರಿಚಿತವಾಗಿತ್ತು. "ಅದನ್ನ ನಾನು ಬಿಟ್ಟಿ ಮಾಡ್ತಿದ್ದೆನಲ್ಲಮ್ಮಾ? ಇಪ್ಪತ್ತೆಂಟು ವರ್ಷದಿಂದ?"

"ನೀನು ಅಂತೀಯ ಕಣೇ," ಎಂದಳು ಚಿಕ್ಕಗಂಗಮ್ಮ. "ನೀನು ಅನ್ನೋದು ಇದ್ದೇ ಇದೆ. ಅವಳು ನನ್ನ ಹಾಲು ಕುಡೀತಾ ಅಕ್ಕ ಅಂತಿದ್ಳು. ಜ್ವರದಲ್ಲಿ ಬಡಬಡಿಸೋವಾಗ್ಲೂ ಅಕ್ಕ ಅಂತಿದ್ಳು. ಏಳು ವರ್ಷ. ಒಂದು ಸಲ ಆ ಹೆಸರಿನೋಳು ನನ್ನ ಅಮ್ಮ ಅನ್ನಬೇಕಿತ್ತು. ಕಣ್ಣಂತೂ ಹೋಯ್ತು, ಕಿವಿ ಇರೋವಾಗಾದ್ರೂ."

"ಅದಕ್ಕೆ ಮನೆ ಬರ್ಕೊಡ್ತೀಯಾ?"

"ನಾನು ಕಣ್ಣು ಮುಚ್ಚಿದ ದಿನಾನೇ ನೀನು ಇವಳನ್ನ ಬೀದಿಗೆ ತಳ್ತೀಯ."

"ಓರ್ವಲೇನಿದಿ ಅಂತ ಬರೆಸಿದ್ದೂ ನೀನೇ."

"ಸುಳ್ಳು ಬರೆಸಿದ್ನಾ?"

ಶ್ಯಾಮಲಮ್ಮನ ಕಣ್ಣು ಮತ್ತೆ ಆ ಕೈಯ ಮೇಲೇ ಹೋಯಿತು. ಇಷ್ಟೆಲ್ಲ ಆದಮೇಲೂ ಅದು ಆಂಜಿನಮ್ಮನ ಮಂಡಿಯ ಮೇಲೆಯೇ ಇತ್ತು. ಹುಸಿ ಮಗಳ ಮೇಲೆ. ಹೆತ್ತ ಮಗಳು ಮೂರು ಮಾರು ದೂರದಲ್ಲಿ ನಿಂತಿದ್ದಳು.

ಕದಿರೇಶ ಹೊರಡುತ್ತಾನೆ ಎಂದುಕೊಂಡಳು. ಒಪ್ಪಿಕೊಂಡ ಕೆಲಸ ಮುಗಿದಿತ್ತು. ಅವನು ಹೊರಡಲಿಲ್ಲ. ಎಂದಿನಂತೆ ಎದುರಿನವರ ಬಾಯಿಯನ್ನೇ ನೋಡುತ್ತಿದ್ದ.

"ದೊಡ್ಡಮ್ಮಾ, ನಂಗೊಂದು ಅರ್ಥ ಆಗ್ಲಿಲ್ಲ. ಮಗಳು ಕಾಣೆಯಾದ ತಾಯಿ ಇಪ್ಪತ್ತನಾಲ್ಕಲ್ಲ, ಐವತ್ತು ವರ್ಷ ಆದ್ರೂ ದಾರಿ ನೋಡ್ತಾಳೆ. ಆ ಜಾಗದಲ್ಲಿ ಇನ್ನೊಬ್ಬಳನ್ನ ಕೂರಿಸಲ್ಲ. ನಾಳೆ ನಿಜವಾದೋಳು ಬಾಗಿಲಿಗೆ ಬಂದ್ರೆ ಅಂತ ಒಂದು ಭಯ ಇರುತ್ತೆ. ನಿಮಗೆ ಆ ಭಯ ಯಾಕಿರ್ಲಿಲ್ಲ?"

ಚಿಕ್ಕಗಂಗಮ್ಮನ ಕೈ ಮಂಡಿಯಿಂದ ಜಾರಿತು.

"ನಾನೂ ಕೇಳ್ದೆ," ಎಂದಳು ಆಂಜಿನಮ್ಮ. "ಅಸಲು ಹುಡುಗಿ ಬಂದ್ಬಿಟ್ರೆ ನನ್ನ ಗತಿ ಏನು ಅಂತ. ಅವಳು ಬರಲ್ಲ, ಅದು ನನಗೆ ಬಿಟ್ರೆ ಯಾರಿಗೂ ಗೊತ್ತಿಲ್ಲ, ನೀನು ಹೆದರಬೇಡ ಅಂದ್ರು."

"ಸುಮ್ನಿರೇ!"

"ನಂಗ್ಯಾಕೆ ಬೇಕು ಈ ತಂಟೆ? ಕೂಲಿಗೆ ಬಂದೋಳು ನಾನು."

ಚಿಕ್ಕಗಂಗಮ್ಮ ಕಂಬ ಹಿಡಿದು ಎದ್ದಳು. ಪೊರೆಗಣ್ಣುಗಳು ಗಾಳಿಯಲ್ಲಿ ಹುಡುಕಿದವು. ಮೂರು ವಾರದಲ್ಲಿ ಮೊದಲ ಸಲ ಅವು ಹುಡುಕುತ್ತಿದ್ದದ್ದು ಶ್ಯಾಮಲಮ್ಮನನ್ನು.

"ಶ್ಯಾಮಲಾ, ಎಲ್ಲಿದ್ದೀಯೇ? ಹತ್ರ ಬಾ."

ಅವಳು ಒಂದು ಹೆಜ್ಜೆ ಮುಂದಿಟ್ಟಳು. ಅಮ್ಮನ ಒಣಗಿದ ಬೆರಳುಗಳು ಅವಳ ಮುಖವನ್ನು ಮುಟ್ಟಿದವು. ಹಣೆ, ಹುಬ್ಬು, ಗಲ್ಲ. ಚಿಕ್ಕವಳಿದ್ದಾಗಿನಿಂದ ಯಾರೂ ಹಾಗೆ ಮುಟ್ಟಿರಲಿಲ್ಲ.

"ಇವಳನ್ನ ಸಾಯಂಕಾಲದ ಬಸ್ಸಿಗೆ ಕಳಿಸ್ಬಿಡ್ತೀನಿ. ಶುಕ್ರವಾರ ನಿನ್ನ ಕರ್ಕೊಂಡೋಗ್ತೀನಿ. ಮನೆ, ತೋಟ, ಹುಳುಮನೆ ಎಲ್ಲ ನಿನ್ನ ಹೆಸರಿಗೆ. ನಾನು ನಿನ್ನ ಜೊತೇಲೇ ಇರ್ತೀನಿ, ನಿನ್ನ ಕೈಯ ಅನ್ನ ತಿಂತೀನಿ, ಇನ್ನೊಬ್ಬರ ಹೆಸರು ಎತ್ತಲ್ಲ. ಕೊನೇವರೆಗೂ ನೀನೊಬ್ಳೇ ನನ್ನ ಮಗಳು. ಈ ಮನುಷ್ಯನನ್ನ ಮಾತ್ರ ಈಗ್ಲೇ ಕಳಿಸು. ಅವಳ ವಿಷಯ ಕೇಳಬೇಡಿ. ಇಬ್ರೂ ಕೇಳಬೇಡಿ."

ಕದಿರೇಶ ಕಾಗದವನ್ನು ನೆಲದ ಮೇಲೇ ಬಿಟ್ಟು, ಅಪ್ಪಣೆ ಬಂದರೆ ಹೋಗುವವನಂತೆ ಬಾಗಿಲ ಕಡೆ ಒಂದು ಕಾಲು ತೆಗೆದಿಟ್ಟ.

ಬೇಕೆಂದುಕೊಂಡದ್ದೆಲ್ಲ ಇತ್ತು ಆ ಮಾತಿನಲ್ಲಿ. ಶ್ಯಾಮಲಮ್ಮ ದೇವರ ಮುಂದೆ ಕೇಳಿಕೊಂಡಿದ್ದಾಗಲೂ ಇಷ್ಟು ಪೂರ್ತಿಯಾಗಿ ಕೇಳಿಕೊಂಡಿರಲಿಲ್ಲ. ಹೂಂ ಎಂದರೆ ಸಾಕು.

ಆದರೆ ಆ ಬೆರಳುಗಳು ನಡುಗುತ್ತಿದ್ದವು, ಮತ್ತು ನಡುಗುತ್ತಿದ್ದದ್ದು ತನಗಾಗಿ ಅಲ್ಲ. ಮನೆ ಕೊಡುತ್ತಿದ್ದದ್ದು, ಅನ್ನ ತಿನ್ನುತ್ತೇನೆ ಎನ್ನುತ್ತಿದ್ದದ್ದು, ನೀನೊಬ್ಬಳೇ ಮಗಳು ಎನ್ನುತ್ತಿದ್ದದ್ದು ಎಲ್ಲವೂ ಆ ಇನ್ನೊಬ್ಬಳನ್ನು ಮುಚ್ಚಿಡುವುದಕ್ಕೆ. ಪ್ಲೇಗಿನ ಆ ಗುಡಿಸಲಿನಲ್ಲಿ ಏನಾಗಿತ್ತೋ, ಅದನ್ನು ಅಮ್ಮ ಇಪ್ಪತ್ತನಾಲ್ಕು ವರ್ಷ ಎದೆಗವಚಿಕೊಂಡು ಕುಳಿತಿದ್ದಳು. ಅದರಲ್ಲಿ ಶ್ಯಾಮಲಮ್ಮನಿಗೆ ಪಾಲಿರಲಿಲ್ಲ.

ಅವಳು ಅಮ್ಮನ ಕೈಯನ್ನು ತನ್ನ ಗಲ್ಲದಿಂದ ಬಿಡಿಸಿ ಕೆಳಗಿಳಿಸಿದಳು.

"ಬೇಡ."

"ಏನ್ ಬೇಡ? ಮನೆ ನಿನ್ನ ಹೆಸರಿಗೆ ಅಂದೆ ಕಣೇ."

"ಕೇಳಿಸ್ತು. ನಂಗೆ ಮನೆ ಬೇಡ, ತೋಟ ಬೇಡ. ಕದಿರೇಶಪ್ಪನೋರು ಎಲ್ಲೂ ಹೋಗಲ್ಲ. ನನ್ನಕ್ಕನ್ನ ಏನು ಮಾಡ್ದೆ ಅಂತ ನೀನು ಹೇಳೋವರೆಗೂ, ನಿನ್ನ ಕೈಯಿಂದ ನಾನು ಏನೂ ತಗೊಳ್ಳಲ್ಲ."